ಗಾಳಿವೀರನ 'ಫೂ'

ಏಳನೇ ಸಂಚಿಕೆಯ ಕೊನೆಯ ಪುಟದಲ್ಲಿ ಗಾಳಿವೀರ ಮತ್ತೆ ಸತ್ತ.

ಹಂಸಿನಿ ಪುಸ್ತಕ ಮುಚ್ಚಿ ತಲೆಯೆತ್ತಿದಳು. ಎದುರಿನ ಸೋಫಾದ ತುದಿಯಲ್ಲಿ ಯಶವಂತ್ ಪರೀಕ್ಷೆಯ ರಿಸಲ್ಟಿಗೆ ಕಾದವನಂತೆ ಕುಳಿತಿದ್ದ. ಮಾನೇಸರ್‌ನ ಗಾಲಿ ಕಾರ್ಖಾನೆಯಲ್ಲಿ ಅವನು ಇಂಜಿನಿಯರ್. ರಜೆ ಸಿಕ್ಕಿತೆಂದರೆ ದೆಹಲಿಯ ದ್ವಾರಕಾದ ಕನ್ನಡದ ಮಕ್ಕಳಿಗಾಗಿ ಕಾಮಿಕ್ಸ್ ಬರೆಯುತ್ತಾನೆ. ಅವನ ಹೀರೋ ಗಾಳಿವೀರ ಬಾಯಿ ತೆರೆದು 'ಫೂ' ಅಂದರೆ ಸಾಕು, ಹೊಗೆಯ ರಾಕ್ಷಸ ಧೂಮಾಸುರ ಹಾರಿಹೋಗುತ್ತಾನೆ. ಇವತ್ತು ಸಂಜೆ ಚಾಣಕ್ಯಪುರಿಯ ಅತಿಥಿಗೃಹದಲ್ಲಿ ಕನ್ನಡ ಸಂಘದ ಮಕ್ಕಳ ಹಬ್ಬ. ಗಾಳಿವೀರನ ಕಥೆಯೇ ಅಲ್ಲಿ ಮಕ್ಕಳ ನಾಟಕ.

"ಹೇಗಿದೆ?"

"ಚೆನ್ನಾಗಿದೆ," ಎಂದಳು ಹಂಸಿನಿ. ಹಿಂದಿನ ಆರಕ್ಕೂ ಹೀಗೇ ಅಂದಿದ್ದಳು. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು, ಹೊಟ್ಟೆಯೊಳಗೆ ವಿಮರ್ಶೆ ಬೇಕಾದಷ್ಟಿತ್ತು. ಅದು ಗಂಟಲತನಕ ಬಂದು, ಯಶವಂತನ ಕಣ್ಣು ನೋಡಿ, ಬಂದ ದಾರಿ ಹಿಡಿದು ವಾಪಸಾಗುತ್ತಿತ್ತು. ಪ್ರತಿ ಸಂಚಿಕೆ ಮುಗಿದೊಡನೆ ಅವನು ಮೆಟ್ರೋ ಹತ್ತಿ ಅವಳಿರುವ ಈ ಚಿಕ್ಕಮ್ಮನ ಫ್ಲಾಟಿಗೆ ಬರುವುದು ಅವಳ ಅಭಿಪ್ರಾಯ ಕೇಳಲಿಕ್ಕೇ. ನಿಜ ಹೇಳಿದ ಮೇಲೆ ಬರದೇ ಹೋದರೆ?

ಯಶವಂತ್ ಕ್ಯಾಬ್‌ನವನಿಗೆ ದಾರಿ ಹೇಳಲು ಫೋನ್ ಹಿಡಿದು ಬಾಲ್ಕನಿಗೆ ಹೋದ. ಅಷ್ಟರಲ್ಲಿ ಚಿಕ್ಕಮ್ಮನ ಮಗಳು ಅಪೂರ್ವ ಹಳದಿ ದುಪಟ್ಟಾವನ್ನು ಹೀರೋನ ಹಾಗೆ ಕುತ್ತಿಗೆಗೆ ಕಟ್ಟಿಕೊಂಡು ಓಡಿಬಂದಳು.

"ದೀದಿ, ಈ ಸಲ ಆದ್ರೂ ಕೊಟ್ಟನಾ?"

"ಏನನ್ನ?"

"ಗಾಲಿ! ನಾಮ್ ತೋ ಗಾಲಿವೀರ್ ಹೈ, ಆರು ಬುಕ್ ಆಯ್ತು, ಒಂದೂ ಗಾಲಿ ಕೊಟ್ಟಿಲ್ಲ. ಗುಸ್ಸಾ ಬರತ್ತೆ, ಬಾಯಿ ತೆಗೀತಾನೆ, ಆಮೇಲೆ ಬರೀ ಫೂ. ಅಸಲಿ ಗಾಲಿ ತೆಗೆದ್ಬಿಟ್ಟು ಮಮ್ಮಿಯವ್ರೆಲ್ಲ ಫೂ ಬರ್ಸಿದಾರೆ ಅಂತ ನಮ್ ಬಿಲ್ಡಿಂಗಿನ ವರುಣ್ ಅಂದ."

ಹಂಸಿನಿಗೆ ಆಗ ಹೊಳೆಯಿತು. ದೆಹಲಿಯಲ್ಲಿ ಹುಟ್ಟಿ ಬೆಳೆದ ಈ ಮಕ್ಕಳ ನಾಲಿಗೆಗೆ 'ಳ' ಹೊರಳುವುದಿಲ್ಲ. ಗಾಳಿ ಹೋಗಿ ಗಾಲಿಯಾಗಿತ್ತು. ಹಿಂದಿಯಲ್ಲಿ ಗಾಲಿಯೆಂದರೆ ಬೈಗುಳ. ಹೌಸಿಂಗ್ ಸೊಸೈಟಿಯ ಮಕ್ಕಳೆಲ್ಲ ಸಂಚಿಕೆಯಿಂದ ಸಂಚಿಕೆಗೆ ಉಸಿರು ಬಿಗಿಹಿಡಿದು ಕಾದದ್ದು ಇದಕ್ಕೆ!

"ಟೆನ್ಷನ್ ಬೇಡ ದೀದಿ," ಅಪೂರ್ವ ಪಿಸುಗುಟ್ಟಿದಳು. "ಇವತ್ತು ಸ್ಟೇಜ್ ಮೇಲೆ ಫೂ ಜಾಗದಲ್ಲಿ ನಾವೆಲ್ಲ ಸೇರಿ ಅಸಲಿವಾಲಾ ಗಾಲಿ ಕೊಡ್ತೀವಿ. ವರುಣ್ ಪ್ರಾಕ್ಟೀಸ್ ಮಾಡ್ಸಿದಾನೆ. ಯಶ್ ಅಂಕಲ್‌ಗೆ ಸರ್‌ಪ್ರೈಸ್!"

"ಚಲೋ, ಕ್ಯಾಬ್ ಬಂತು," ಎನ್ನುತ್ತಾ ಯಶವಂತ್ ಒಳಗೆ ಬಂದ. "ಮಕ್ಕಳೆಲ್ಲ ಕೆಳಗೆ ಕಾಯ್ತಿದಾರೆ."

ಹಂಸಿನಿ ಎದ್ದು ನಿಂತಳು. "ಯಶವಂತ್ ಅವರೇ... ಹೆಸರು... ಮಕ್ಕಳು ಅದನ್ನ ಗಾಲಿ ಅಂತಾರೆ."

"ಗೊತ್ತು ಗೊತ್ತು," ಅವನು ನಾಚಿ ನಕ್ಕ. "ಗಾಲಿ ಕಾರ್ಖಾನೆಯವನ ಹೀರೋ ಅಂತ ಪ್ರೀತಿಗೆ ಹಾಗಂತಾರೆ. ಮುಂದಿನ ಸಂಚಿಕೇಲಿ ಅವನ ಕಾಲಿಗೆ ಎರಡು ಗಾಲಿ ಹಾಕೇಬಿಡೋಣ ಅಂತಿದೀನಿ."

"ಅಯ್ಯೋ, ಆ ಗಾಲಿ ಅಲ್ಲ. ಹಿಂದಿ ಗಾಲಿ! ಇವತ್ತು ಸ್ಟೇಜ್ ಮೇಲೆ ಒಟ್ಟಿಗೆ ಬೈತಾರಂತೆ."

ಅವನ ನಗು ಪಂಕ್ಚರ್ ಆದ ಟೈರಿನಂತೆ ನಿಧಾನವಾಗಿ ಇಳಿಯಿತು. "ಹಬ್ಬಕ್ಕೆ ಬರೋ ಅಷ್ಟು ಜನ ಆಫೀಸರ್‌ಗಳ ಎದುರಿಗೆ?" ಎಂದು ಸೋಫಾದ ತೋಳಿನ ಮೇಲೆ ಕುಸಿದ. ಕೊನೆಯ ಆಸೆಯೆಂಬಂತೆ ಕೇಳಿದ: "ಹೆಸರೊಂದು ಬಿಟ್ಟರೆ ಉಳಿದಿದ್ದೆಲ್ಲ ಚೆನ್ನಾಗಿದೆ ತಾನೆ?"

ಒಮ್ಮೆ ತೆರೆದ ಬಾಯಿಯನ್ನು ಮುಚ್ಚಲು ಹಂಸಿನಿಗೆ ಈಗ ಆಗಲಿಲ್ಲ.

"ಚೆನ್ನಾಗಿಲ್ಲ! ಪ್ರತಿ ಸಲ ಕೊನೇ ಪುಟದಲ್ಲಿ ಸಾಯ್ತಾನೆ, ಮುಂದಿನ ಸಂಚಿಕೇಲಿ ಸೀನಿ ಎದ್ದು ಕೂರ್ತಾನೆ. ಇನ್ನು ಇವನು ಸತ್ರೆ ಅಳೋರು ಯಾರು? ಆ ಧೂಮಾಸುರ ತನ್ನ ಪ್ಲಾನನ್ನೆಲ್ಲ ನಾಲ್ಕು ಪುಟ ಬಿಡಿಸಿ ಹೇಳ್ತಾನೆ, ಇವನು ಪಾಠ ಕೇಳೋ ಹಾಗೆ ಕೈಕಟ್ಟಿ ನಿಂತಿರ್ತಾನೆ. ಆಗಲೇ ಊದೋಕೇನು ರೋಗ? ದ್ವಾರಕಾದ ಹೊಗೇನ ತಗೊಂಡು ಹೋಗಿ ನೋಯ್ಡಾಕ್ಕೆ ಊದ್ತಾನಲ್ಲ, ನೋಯ್ಡಾದವರು ಏನು ಪಾಪ ಮಾಡಿದ್ರು? ಆಮೇಲೆ ಆ ಹುಡುಗಿ! ಏಳು ಸಂಚಿಕೆಯಿಂದ ಬಾಲ್ಕನೀಲಿ ನಿಂತು 'ಕಾಪಾಡಿ' ಅಂತಾನೇ ಇದಾಳೆ. ಒಳಗೆ ಹೋಗಿ ಬಾಗಿಲು ಹಾಕ್ಕೋಬಾರದಾ? ಬೇರೆ ಒಂದು ಮಾತೂ ಬರಲ್ವಾ ಅವಳಿಗೆ?"

ಯಶವಂತ್ ನೆಲ ನೋಡುತ್ತಾ ಮೆಲ್ಲಗೆ ಹೇಳಿದ: "ಅವಳು... ನಿಮ್ಮನ್ನೇ ನೋಡಿ ಬರೆದ ಪಾತ್ರ. ನೀವು 'ಚೆನ್ನಾಗಿದೆ' ಬಿಟ್ಟು ಬೇರೆ ಏನೂ ಹೇಳ್ತಿರಲಿಲ್ಲವಲ್ಲ. ಅವಳಿಗೆ ಏನು ಡೈಲಾಗ್ ಕೊಡೋದು ಅಂತ ತಿಳೀಲಿಲ್ಲ." ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದ. "ಈಗ ಅಂದಿರಲ್ಲ, ಅದನ್ನ ಇನ್ನೊಂದ್ಸಲ ಹೇಳ್ತೀರಾ? ಸ್ವಲ್ಪ ನಿಧಾನವಾಗಿ."

ಅಪೂರ್ವ ಮಾತ್ರ ಬಿಟ್ಟ ಬಾಯಿ ಬಿಟ್ಟಂತೆ ಅಕ್ಕನನ್ನೇ ನೋಡುತ್ತಿದ್ದಳು. ಏಳು ಸಂಚಿಕೆ ಕಾದ 'ಗಾಲಿ' ಕೊನೆಗೂ ಕಿವಿಗೆ ಬಿದ್ದಿತ್ತು. ತನ್ನ ಕುತ್ತಿಗೆಯ ದುಪಟ್ಟಾ ಬಿಚ್ಚಿ, ಸೋಫಾ ಹತ್ತಿ, ಅದನ್ನು ಹಂಸಿನಿಯ ಕುತ್ತಿಗೆಗೆ ಬಿಗಿಯಾಗಿ ಗಂಟು ಹಾಕಿದಳು.

ಕೆಳಗಿನಿಂದ ಕ್ಯಾಬ್‌ನ ಹಾರ್ನ್ ಕೇಳಿಸಿತು.

"ಆ ವರುಣ್ ಕೆಳಗೇ ಇದಾನೆ ತಾನೆ? ನಡೀರಿ, ಅವನ ಹತ್ರ ನಾನು ಮಾತಾಡ್ತೀನಿ," ಎಂದ ಹಂಸಿನಿ, ಮುಖದ ಮೇಲೆ ಬಿದ್ದಿದ್ದ ಕೂದಲನ್ನು 'ಫೂ' ಎಂದು ಊದಿಕೊಂಡಳು.

ಯಶವಂತ್ ತನಗರಿವಿಲ್ಲದೆಯೇ ಒಂದು ಹೆಜ್ಜೆ ಹಿಂದೆ ಸರಿದ.