ಎಣ್ಣೆ ಹಚ್ಚುವ ಹೊತ್ತು

ಗಿರಾಕಿ ವಾಪಸು ತಂದ ಕರಿ ಕೋಟು ಮೇಜಿನ ಮೇಲೆ ಬಿದ್ದಿತ್ತು. ಹೊಲಿಗೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ, ಆದರೆ ಎರಡೂ ಭುಜದ ಮೇಲೆ ದರ್ಜಿಯ ತಲೆಹೊಟ್ಟು ಹಿಟ್ಟು ಚೆಲ್ಲಿದ ಹಾಗೆ ಉದುರಿತ್ತು. ಗಿರಾಕಿ ನಾಲ್ಕು ಮಾತು ಆಡಿಯೇ ಹೋಗಿದ್ದ. ದರ್ಜಿ ಉಣ್ಣೆ ಟೊಪ್ಪಿಯೊಳಗೆ ಬೆರಳು ತೂರಿಸಿ ಪರಪರ ಕೆರೆದುಕೊಂಡ. ಇನ್ನಷ್ಟು ಉದುರಿತು.

"ಸಾಕಪ್ಪ, ಟೊಪ್ಪಿ ತೆಗಿ," ಎಂದಳು ಕಿರಿಮಗಳು. "ನಾನು ಊರವರ ತಲೆಯೆಲ್ಲ ನೋಡ್ತೀನಿ. ನಿನ್ನ ತಲೆ ಯಾರಾದ್ರೂ ನೋಡಿದ್ರೆ ನನ್ನ ಕೆಲಸಕ್ಕೇ ಕುತ್ತು."

"ಚಳಿಗೆ ಎಲ್ಲರಿಗೂ ಆಗುತ್ತೆ."

"ಕುದಿಯೋ ನೀರು ಸುರ್ಕೊಂಡು, ಒದ್ದೆ ಕೂದಲ ಮೇಲೇ ಟೊಪ್ಪಿ ಎಳ್ಕೊಂಡ್ರೆ ಆಗುತ್ತೆ. ಕೂತ್ಕೋ."

ಅವಳು ಪಾರ್ಲರಿನಲ್ಲಿ ಕೆಲಸಕ್ಕಿದ್ದಳು. ಉಗುರುಬೆಚ್ಚಗಿನ ನೀರು ಸಾಕು, ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚಿ, ಉಗುರು ತಾಗಿಸಬೇಡಿ, ಟೊಪ್ಪಿಗೆ ನುಣುಪು ಬಟ್ಟೆಯ ಒಳಪದರ ಹೊಲಿಸಿ ಎಂದು ಬಂದವರಿಗೆಲ್ಲ ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು. ಸ್ವಂತ ಅಪ್ಪ ಮಾತ್ರ ಈ ಚಳಿಗಾಲ ತಲೆ ಮುಟ್ಟಲು ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಒಂದು ನೆವ. ಒಮ್ಮೆ ನೆಗಡಿ, ಒಮ್ಮೆ ಅವಸರದ ಹೊಲಿಗೆ, ಒಮ್ಮೆ ಸುಮ್ಮನೆ ಮುಖ ಊದಿಸಿಕೊಂಡು ಕೂತದ್ದು. ಇವತ್ತು ಕೋಟಿನ ಮುಂದೆ ಯಾವ ನೆವವೂ ನಡೆಯಲಿಲ್ಲ. ಅಪ್ಪ ಕಿಟಕಿಯ ಬಿಸಿಲಿಗೆ ಸ್ಟೂಲು ಎಳೆದು ಕೂತ. ಅವಳು ಎಣ್ಣೆಯ ಬಟ್ಟಲನ್ನು ಇಸ್ತ್ರಿ ಪೆಟ್ಟಿಗೆಗೆ ತಾಗಿಸಿಟ್ಟು ಬೆಚ್ಚಗೆ ಮಾಡಿಕೊಂಡಳು.

ಈ ಮನೆಯಲ್ಲಿ ಎಣ್ಣೆ ಹಚ್ಚುವ ಹೊತ್ತೆಂದರೆ ಕೇಳುವ ಹೊತ್ತು. ಅಮ್ಮ ಬದುಕಿದ್ದಷ್ಟು ದಿನ, ಅಪ್ಪನಿಂದ ಏನು ಬೇಕಿದ್ದರೂ ಆ ಹೊತ್ತಿಗಾಗಿಯೇ ಕಾಯುತ್ತಿದ್ದಳು. ಅವನ ಕತ್ತು ಸಡಿಲಾಗಿ ಉಸಿರು ಉದ್ದವಾದಾಗ ಕಿವಿಯ ಹತ್ತಿರ ಮೆಲ್ಲಗೆ ಕೇಳುವಳು. ಅಪ್ಪ "ಹೂಂ" ಅನ್ನುವನು. ಕಿಟಕಿಯ ಗಾಜು, ಎರಡನೇ ಹೊಲಿಗೆ ಯಂತ್ರ, ಹೆಣ್ಣುಮಕ್ಕಳಿಬ್ಬರ ಓದು, ಎಲ್ಲ ಹಾಗೇ ಬಂದವು. ಎಚ್ಚರಾದ ಮೇಲೆ ಗೊಣಗುತ್ತಿದ್ದನೇ ಹೊರತು ಆ ಹೂಂ ಅನ್ನು ಒಮ್ಮೆಯೂ ವಾಪಸು ಪಡೆದವನಲ್ಲ.

ಕಿರಿಮಗಳಿಗೂ ಇವತ್ತು ಒಂದು ಹೂಂ ಬೇಕಿತ್ತು, ಅಕ್ಕನಿಗಾಗಿ. ಅಮ್ಮ ತೀರಿಕೊಂಡ ವರ್ಷವೇ ಅಕ್ಕ ಸಿದ್ಧ ಉಡುಪಿನ ಕಾರ್ಖಾನೆ ಸೇರಿದ್ದಳು. ಕೈಹಿಡಿದು ಕತ್ತರಿ ಕಲಿಸಿದ್ದ ಅಪ್ಪ, ದರ್ಜಿಗಳ ಅನ್ನ ಕಸಿಯುವವರ ಕಡೆ ಹೋದವಳು ಇನ್ನು ಈ ಹೊಸಿಲು ತುಳಿಯಬೇಡ ಎಂದುಬಿಟ್ಟಿದ್ದ. ಮೂರು ವರ್ಷವಾಯಿತು. ಈಗ ಆ ಕಾರ್ಖಾನೆ ದೂರದ ಊರಿಗೆ ಹೋಗುತ್ತಿತ್ತು. ಅಪ್ಪ ಬಾ ಅಂದರೆ ಅಕ್ಕ ಕೆಲಸ ಬಿಟ್ಟು ಮನೆಗೆ ಬರುವವಳು, ಅನ್ನದಿದ್ದರೆ ನಾಳಿದ್ದು ಕಾರ್ಖಾನೆಯ ಜೊತೆ ಹೊರಡುವವಳು.

ಕಿರಿಮಗಳು ಬಲಗಿವಿಯ ಮೇಲಿಂದ ಶುರು ಮಾಡಿದಳು. ಒಣಗಿ ಬಿರಿದ ಚರ್ಮ ಎಣ್ಣೆ ಬಿದ್ದಷ್ಟನ್ನೂ ಕುಡಿಯಿತು. ಬೆರಳ ತುದಿ ಸಣ್ಣ ಸಣ್ಣ ಸುತ್ತು ಹಾಕುತ್ತ ಹೋಯಿತು. ಬಿಸಿಲಿನಲ್ಲಿ ನೂಲಿನ ಧೂಳು ತೇಲುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳಿಗೇ ಜೊಂಪು ಹತ್ತಿದಂತಾಗಿ, ಬೆರಳು ತನ್ನವೋ ಅಮ್ಮನವೋ ತಿಳಿಯದಾಯಿತು. ಗೋಡೆಯ ಮೇಲಿನ ಅಳತೆ ಟೇಪು, ಕೋಟು, ಯಂತ್ರ ಎಲ್ಲ ನೀರಿನಡಿಯಲ್ಲಿದ್ದಂತೆ ಮೆಲ್ಲಗೆ ಅಲುಗಿದವು. ಒಳಗೆ ಅಮ್ಮ ಏನೋ ಗುನುಗುತ್ತ ಪಾತ್ರೆ ತೊಳೆಯುತ್ತಿದ್ದಾಳೆ, ಮೇಜಿನಡಿ ಕೂತು ಅಕ್ಕ ಚೂರುಬಟ್ಟೆ ಆರಿಸುತ್ತಿದ್ದಾಳೆ, ಈಗ ಕೂಗಿದರೆ ಇಬ್ಬರೂ ಓ ಅನ್ನುತ್ತಾರೆ ಅನ್ನಿಸಿತು. ಕೂಗಲು ಮನಸ್ಸಾಗಲಿಲ್ಲ, ಅಷ್ಟು ಹಿತವಾಗಿತ್ತು.

ಅಪ್ಪನ ಕತ್ತು ಸಡಿಲಾಯಿತು. ಉಸಿರು ಉದ್ದವಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ನಿದ್ದೆಯಲ್ಲಿ ಗೊಣಗಿದ.

"ಕೇಳ್ಬೇಡ ಕಣೇ. ಕೇಳಿದ್ರೆ ಹೂಂ ಅಂದ್ಬಿಡ್ತೀನಿ."

ಅದು ಅಮ್ಮನಿಗೆ ಹೇಳಿದ ಮಾತು. ಆಗ ಕಿರಿಮಗಳಿಗೆ ಎಲ್ಲ ಹೊಳೆಯಿತು. ಕಾರ್ಖಾನೆ ಹೋಗುವ ಸುದ್ದಿ ಕಿವಿಗೆ ಬಿದ್ದ ದಿನದಿಂದಲೇ ಈ ಮನುಷ್ಯ ತಲೆ ಕೊಡುವುದನ್ನು ಬಿಟ್ಟಿದ್ದ. ಎರಡು ತಿಂಗಳು ಕೆರೆದುಕೊಂಡ, ಗಿರಾಕಿಯ ಬಾಯಿಗೆ ಸಿಕ್ಕ, ಆ ಒಂದು ಹೂಂ ಬಾಯಿಂದ ಜಾರದಿರಲಿ ಎಂದು ಟೊಪ್ಪಿ ಎಳೆದುಕೊಂಡು ಕೂತ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಅಪ್ಪ, ಅಕ್ಕ ಮನೆಗೆ ಬರ್ಲಾ ಅಂತ ಕೇಳ್ತಿದಾಳೆ."

ಅಪ್ಪ ಕಣ್ಣು ಬಿಟ್ಟ. ಅವಳು ಸುಮ್ಮನೆ ಇನ್ನಷ್ಟು ಎಣ್ಣೆ ಅದ್ದಿಕೊಂಡು ಎಡಗಡೆಗೆ ಕೈ ತಂದಳು. ಅಪ್ಪ ಆ ಕೈ ಹಿಡಿದು ತಡೆದ.

"ಎಡಗಡೆ ಮುಟ್ಬೇಡ."

"ಯಾಕೆ?"

"ಕೇಳೋಳು ಅವಳು, ಹಚ್ಚೋಳು ನೀನಾ? ಉಳಿದದ್ದು ಅವಳೇ ಬಂದು ಹಚ್ಲಿ. ಹಚ್ಚಿ ಕೇಳ್ಲಿ."

ಅವನು ಎದ್ದು ಯಂತ್ರದ ಮುಂದೆ ಕೂತ. ಬಲಗಡೆ ತಲೆ ಬಿಸಿಲಿಗೆ ಮಿರಮಿರ ಮಿನುಗುತ್ತಿತ್ತು, ಎಡಗಡೆ ಬಿಳಿಚಿಕೊಂಡು ಒಣಗಿತ್ತು.

"ಅವಳು ಬರೋದು ನಾಳೆ ಆಗ್ಬಹುದಪ್ಪ. ಅಲ್ಲೀತನಕ?"

"ಅಲ್ಲೀತನಕ ಕೆರ್ಕೋತಾ ಇರ್ತೀನಿ," ಎಂದ ಅಪ್ಪ.