ವಾಪಸಪ್ಪನ ಕಿಟಕಿ

“ಸಹಿ ಗೆರೆಗೆ ತಾಗಿದೆ. ಐದನೇ ಪುಟ. ಸರಿಮಾಡ್ಕೊಂಡು ಬನ್ನಿ.”

ಗುಮಾಸ್ತ ಅರ್ಜಿಯ ಕಟ್ಟನ್ನು ಕಿಟಕಿಯ ಸಂದಿಯಿಂದ ಹೊರಗೆ ತಳ್ಳಿದ. ಅದನ್ನೆತ್ತಿ ಅವನ ಮುಖಕ್ಕೇ ಎಸೆಯಬೇಕೆನಿಸಿತು ಬೀಗದಂಗಡಿಯಾಕೆಗೆ. ಆದರೆ ನಡುವೆ ಗಾಜಿತ್ತು. ಕೋರ್ಟಿನವರು ಸುಮ್ಮಸುಮ್ಮನೆ ಗಾಜು ಹಾಕಿಸಿರುವುದಿಲ್ಲ.

“ಹೋದ ಸಲ ಮೂಲೆ ಮಡಚಿದೆ ಅಂದ್ರಿ. ಅದಕ್ಕೆ ಮುಂಚೆ ಶಾಯಿ ಮಸುಕಾಗಿದೆ ಅಂದ್ರಿ. ಇನ್ನೊಂದ್ಸಲ ಏನಂತೀರಾ ಸಾರ್, ಕಾಗದ ಬೆಳ್ಳಗಿದೆ ಅಂತೀರಾ?”

ಗುಮಾಸ್ತ ಪೆನ್ನಿನ ತುದಿಯಿಂದ ತಲೆಯ ಮೇಲಿನ ಫಲಕ ತೋರಿಸಿದ. ‘ಇಲ್ಲಿ ಕಾನೂನು ಸಲಹೆ ಕೊಡುವುದಿಲ್ಲ. ಅರ್ಜಿಯ ಲೋಪಗಳನ್ನಷ್ಟೇ ತಿಳಿಸಲಾಗುವುದು.’

“ಅಮ್ಮಾ, ಸಹಿ ಹಾಕೋ ಮುಂಚೆ ಓದ್ತೀರಾ?” ಎಂದು ಕೇಳಿದ.

“ಓದು ಬರಹ ಬರದವಳ ಥರ ಕಾಣ್ತೀನಾ ನಿಮಗೆ?”

“ನಾನೇ ಓದಿ ಹೇಳಿದ್ದೀನಿ ಸಾರ್,” ಎಂದ ಅವಳ ಹಿಂದೆ ನಿಂತಿದ್ದ ಮೈದುನ.

ಗುಮಾಸ್ತ ಅವನನ್ನೊಮ್ಮೆ ನೋಡಿ ಮುಂದಿನವರನ್ನು ಕರೆದ. ಮುಂದಿನವನು ಒಬ್ಬ ಮುದುಕ. ಅವನ ಅರ್ಜಿಯ ಮೇಲೆ ಟೀ ಲೋಟದ ತಳ ದುಂಡಗೆ ಅಚ್ಚೊತ್ತಿತ್ತು. ಗುಮಾಸ್ತ ತುಟಿಪಿಟಿಕ್ಕೆನ್ನದೆ ಮೊಹರು ಹಾಕಿ ಒಳಗಿಟ್ಟುಕೊಂಡ.

ಗಂಡ ಹೋದಾಗಿನಿಂದ ಅವಳ ಬಾಳು ಈ ಕಿಟಕಿಗೆ ಸಿಕ್ಕಿಹಾಕಿಕೊಂಡಿತ್ತು. ಅಂಗಡಿ, ಅದರ ಹಿಂದಿನ ಮನೆ ಎರಡೂ ಅವನ ಹೆಸರಿನಲ್ಲಿದ್ದವು. ಮಕ್ಕಳಿಲ್ಲ, ವಾರಸುದಾರಳು ಅವಳೊಬ್ಬಳೇ. ಆದರೆ ಅದನ್ನು ಕೋರ್ಟು ಬರೆದುಕೊಡುವವರೆಗೂ ಅಂಗಡಿಯ ಪರವಾನಗಿ ಬದಲಾಗದು, ಬಾಗಿಲು ತೆರೆಯುವಂತಿಲ್ಲ. ಬೀಗದ ಕೈ ಕಳೆದುಕೊಂಡು ಓಡಿ ಬಂದ ಗಿರಾಕಿಗಳು ಬೀಗದಂಗಡಿಗೇ ಬೀಗ ಬಿದ್ದಿದ್ದನ್ನು ಕಂಡು ತಲೆ ಚಚ್ಚಿಕೊಂಡು ಹೋಗುತ್ತಿದ್ದರು. ಗಂಡನ ಪಕ್ಕದಲ್ಲಿ ಕೂತು ಅರ ಹಿಡಿದು ಪಳಗಿದ ಕೈ ಅವಳದು. ಸುಮ್ಮನೆ ಕೂತು ಕೂತು ಆ ಕೈಗೆ ತುರಿಕೆ ಹತ್ತಿತ್ತು.

ಪುಣ್ಯಕ್ಕೆ ಮೈದುನನಿದ್ದ. ಅಣ್ಣ ಬದುಕಿದ್ದಾಗ ಅತ್ತ ತಲೆ ಹಾಕದವನು ಈಗ ಹೆಗಲು ಕೊಟ್ಟಿದ್ದ. ಅರ್ಜಿ ತಂದವನು ಅವನು, ತುಂಬಿದವನು ಅವನು. ಎಲ್ಲೆಲ್ಲಿ ಸಹಿ ಬೇಕೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿಕೊಡುತ್ತಿದ್ದ.

“ಇಂಟು ಹಾಕಿದ ಕಡೆ ಸಹಿ ಮಾಡಿ ಅತ್ತಿಗೆ. ಕೋರ್ಟಿನ ಭಾಷೆ ಓದೋಕೆ ಕೂತ್ರೆ ಇರೋ ತಲೇನೂ ಕೆಡುತ್ತೆ.”

ಗುಮಾಸ್ತನಿಗೆ ವಾಪಸಪ್ಪ ಎಂದು ಹೆಸರಿಟ್ಟವನೂ ಅವನೇ. ಮೊಸರಲ್ಲಿ ಕಲ್ಲು ಹುಡುಕೋ ಜನ ಅತ್ತಿಗೆ, ಕೈ ಬೆಚ್ಚಗೆ ಮಾಡಿದರೆ ಸರಿಹೋಗ್ತಾರೆ ಎಂದು ಒಮ್ಮೆ ಲಕೋಟೆಯನ್ನೂ ಒಳಗೆ ತಳ್ಳಿ ನೋಡಿದ್ದ. ಅರ್ಜಿಯ ಜೊತೆ ಅದೂ ವಾಪಸು ಬಂದಿತ್ತು.

ಇನ್ನೊಮ್ಮೆ ಮೈದುನ ಫೋನಿಗೆಂದು ಪಕ್ಕಕ್ಕೆ ಸರಿದಾಗ, ಗುಮಾಸ್ತ ತಲೆಯೆತ್ತದೆ ಗೊಣಗಿದ್ದ: “ಮುಂದಿನ ಸಲ ನೀವೊಬ್ರೇ ಬಂದ್ರೆ ಒಳ್ಳೇದು.” ಅವಳ ಮೈ ಉರಿದುಹೋಗಿತ್ತು. ಅವಳ ಬಾಯಿಂದ ಅದನ್ನು ಕೇಳಿ ಮೈದುನ ಕೆಂಡವಾಗಿದ್ದ.

“ಗಂಡ ಇಲ್ಲದವಳು ಅಂತ ಸದರ ಮಾಡ್ಕೊಂಡಿದ್ದಾನೆ. ನಾನಿರೋವರೆಗೂ ನಿಮ್ಮನ್ನ ಒಬ್ರನ್ನೇ ಇಲ್ಲಿಗೆ ಕಳಿಸಲ್ಲ ಅತ್ತಿಗೆ!”

ಆ ಮಾತಿಗೆ ಅವಳ ಕಣ್ಣು ತುಂಬಿ ಬಂದಿತ್ತು.

ಇವತ್ತೂ ಅವನು ಬೇಸರಿಸಿಕೊಳ್ಳಲಿಲ್ಲ. “ಕೂತಿರಿ, ಆ ಪುಟ ಹೊಸದಾಗಿ ಮಾಡಿಸ್ಕೊಂಡು ಬಂದೆ,” ಎಂದು ಎದುರಿನ ಜೆರಾಕ್ಸ್ ಅಂಗಡಿಗೆ ಓಡಿದ.

ಅವಳು ಬೆಂಚಿನ ಮೇಲೆ ಕುಸಿದಳು. ಚೀಲದಲ್ಲಿ ವಾಪಸಪ್ಪ ಕೊಟ್ಟ ಲೋಪದ ಚೀಟಿಗಳಿದ್ದವು. ಹರಿದು ಬಿಸಾಡೋಣವೆಂದು ಹೊರತೆಗೆದಳು. ಶಾಯಿ, ಐದನೇ ಪುಟ. ಮೂಲೆ, ಐದನೇ ಪುಟ. ಅಂಚು ಸಾಲದು, ಅದೂ ಐದನೇ ಪುಟ. ಉಳಿದ ಪುಟಗಳ ತಂಟೆಗೇ ಹೋಗಿರಲಿಲ್ಲ ಪುಣ್ಯಾತ್ಮ.

ಕೀ ತಿರುಗದಿದ್ದರೆ ಇಡೀ ಕೀ ಕೆಟ್ಟಿರುವುದಿಲ್ಲ. ಎಲ್ಲೋ ಒಂದು ಹಲ್ಲು ತಡೆಯುತ್ತಿರುತ್ತದೆ, ಅದನ್ನು ಉಜ್ಜಿ ತೆಗೆದರಾಯಿತು. ಗಂಡ ಕಲಿಸಿದ ಮೊದಲ ಪಾಠ ಅದು. ಸರಿ, ತೆಗೆದೇ ಬಿಡುತ್ತೇನೆ ಎಂದುಕೊಂಡಳು. ಕಟ್ಟಿನಿಂದ ಐದನೇ ಪುಟವನ್ನು ಪರ್ ಎಂದು ಕಿತ್ತು, ಮುದ್ದೆ ಮಾಡಿ, ಸಾಲನ್ನು ಸೀಳಿಕೊಂಡು ಕಿಟಕಿಗೆ ಬಂದಳು.

“ತಗೊಳ್ಳಿ! ಐದನೇ ಪುಟಾನೇ ಇಲ್ಲ ಈಗ. ಅದ್ಯಾವ ಲೋಪ ಹುಡುಕ್ತೀರೋ ಹುಡುಕಿ!”

ಗುಮಾಸ್ತ ಕಟ್ಟನ್ನು ಎಳೆದುಕೊಂಡು ಒಂದೊಂದೇ ಪುಟ ತಿರುವಿದ. ಕೊನೆಯ ಪುಟ ಬಂತು. ಮೊಹರು ದಬ್ಬೆಂದು ಬಿತ್ತು. ಸಂಖ್ಯೆ ಬರೆದು, ರಸೀದಿ ಹರಿದು ಸಂದಿಯಿಂದ ಹೊರಗೆ ನೀಡಿದ.

ಅವಳು ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕಡೆಗೆ ಕೇಳಿದಳು: “ಮತ್ತೆ... ಐದನೇ ಪುಟ?”

ಗುಮಾಸ್ತ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ.

“ಈ ಅರ್ಜಿಗೆ ಇರೋದೇ ನಾಲ್ಕು ಪುಟ ಅಮ್ಮಾ,” ಎಂದ. “ಮುಂದಿನವರು ಬನ್ನಿ.”

ಬಾಗಿಲಿನಿಂದ ಮೈದುನನ ದನಿ ಕೇಳಿಸಿತು. “ಅತ್ತಿಗೆ, ಹೊಸದು ತಂದೆ! ಇಂಟು ಹಾಕಿದೀನಿ, ಬೇಗ ಒಂದು ಸಹಿ ಮಾಡಿಬಿಡಿ.”

ಅವಳು ಕೈಯಲ್ಲಿದ್ದ ಮುದ್ದೆಯನ್ನು ಬಿಡಿಸಿ, ಅಂಗೈಯಿಂದ ನೀವಿ, ತನ್ನ ಸಹಿಯ ಮೇಲಿದ್ದ ಸಾಲನ್ನು ಮೊದಲ ಸಲ ಓದಿದಳು.

‘ಸದರಿ ಮನೆ ಮತ್ತು ಅಂಗಡಿಯಲ್ಲಿ ನನಗಿರುವ ಸಕಲ ಹಕ್ಕುಗಳನ್ನೂ ನನ್ನ ಮೈದುನನಿಗೆ ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ.’