ಪೆಟ್ಟಿಗೆಯೊಳಗಿನ ಕಾಗೆ

ಮುಕ್ತಾಬಾಯಿ ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ, "ಅದು ಕಾಗಿ ಅಲ್ಲೇನು?" ಎಂದು ಕೇಳಿದಳು.

ಸೊಸೆ ವೈಜೂ ಬೆಚ್ಚಿಬಿದ್ದಳು. ಕಲಬುರ್ಗಿಯ ಬಿಸಿಲಿಗೆ ಖೂಬಾ ಪ್ಲಾಟ್ ಬಡಾವಣೆ ಪೂರ್ತಿ ಮಲಗಿದ್ದ ಹೊತ್ತು. ಅತ್ತೆ ಎದ್ದು ಬಂದು ಬೆನ್ನ ಹಿಂದೆ ನಿಂತದ್ದು ಅವಳಿಗೆ ತಿಳಿದಿರಲಿಲ್ಲ. ಗಂಡ ಸತ್ತು ಎರಡು ತಿಂಗಳಾಗಿಲ್ಲ, ಸೊಸೆ ಆಟ ಆಡುತ್ತ ಕೂತಿದ್ದಾಳೆ ಎಂದರೆ ಓಣಿಯ ಬಾಯಿ ಮುಚ್ಚುವವರು ಯಾರು? "ಆಡಾಕತ್ತಿಲ್ರಿ ಆಯಿ, ಬರೀ ನೋಡಾಕತ್ತೀನಿ," ಎಂದು ತಡವರಿಸಿದಳು. "ಅವರೇ ನನ್ನ ಹೆಸರಿಲೆ ಈ ಆಟದ ಖಾತೆ ತೆರದಿಟ್ಟಿದ್ರು. ಫುಕಟ್ ಅದ, ಹೊಡದಾಟ ಬಡದಾಟ ಇಲ್ಲ, ಮನಿ ಮಂದಿಯೆಲ್ಲ ಕೂಡಿ ಆಡೂ ಹಂಗದ, ಒಮ್ಮೆ ನೋಡು ಅಂತ ದಿನಾ ಅಂತಿದ್ರು. ನನಗೇ ಪುರಸೊತ್ತು ಆಗಲಿಲ್ಲ."

ಪರದೆಯೊಳಗೆ ಒಂದು ಊರಿತ್ತು. ಹೊಲ, ಬಾವಿ, ಬಾವಿಗೊಂದು ಕಲ್ಲುಕಟ್ಟೆ. ಯಾವ ಯಾವುದೋ ದೇಶದವರು ಆಡಿಸುವ ಗೊಂಬೆಗಳು ಬುಟ್ಟಿ ಹಿಡಿದು ಓಡಾಡುತ್ತಿದ್ದವು. ಗಂಡ ಬಂಡು ಅವಳಿಗಾಗಿ ಆರಿಸಿಟ್ಟಿದ್ದ ಹಳದಿ ಸೀರೆಯ ಗೊಂಬೆಯ ಬುಟ್ಟಿಯಲ್ಲಿ, ಹೊಸಬರಿಗೆಲ್ಲ ಆಟದವರೇ ಕೊಡುವ ರೊಟ್ಟಿ ಇತ್ತು. ಕಟ್ಟೆಯ ಮೇಲೆ ಒಂದು ಕಾಗೆ ಕೂತಿತ್ತು.

"ಕಮಲಾಪುರದ ನಮ್ಮ ಹೊಲದ ಬಾವಿನೂ ಹಿಂಗೇ ಅದ," ಎಂದಳು ಮುಕ್ತಾಬಾಯಿ. ವೈಜೂಗೂ ಹಾಗೇ ಅನಿಸಿತ್ತು.

ಹತ್ತನೇ ದಿನ ಕಮಲಾಪುರದ ಹೊಲದಲ್ಲಿ ಬಂಡುವಿನ ಪಿಂಡವನ್ನು ಕಾಗೆ ಮುಟ್ಟಿರಲಿಲ್ಲ. ಸತ್ತವರಿಗೆ ಆಸೆ ಉಳಿದಿದ್ದರೆ ಹಾಗಾಗುತ್ತದೆ, ಅದನ್ನು ಪೂರೈಸುತ್ತೇವೆಂದು ಮಾತು ಕೊಟ್ಟರೆ ಕಾಗೆ ತಾನಾಗಿ ಇಳಿಯುತ್ತದೆ ಎಂಬುದು ಅವರ ಮನೆತನದ ನಂಬಿಕೆ. ಬಂಡುವಿನ ಅಣ್ಣ ವೆಂಕಟೇಶ ಕೈಮುಗಿದು ಮಾತಿನ ಮೇಲೆ ಮಾತು ಕೊಟ್ಟ. ತಮ್ಮನಿಗೆ ಜೀವವಾಗಿದ್ದ ಕೆಂಪು ಬಾಳೆಹಣ್ಣನ್ನೂ ಪಿಂಡದ ಪಕ್ಕ ಇಟ್ಟ. ಕಾಗೆಗಳು ಬೇವಿನ ಗಿಡದಲ್ಲಿ ಕೂತು ನೋಡಿದವೇ ಹೊರತು ಇಳಿಯಲಿಲ್ಲ. ಬಿಸಿಲು ನೆತ್ತಿಗೇರಿದ ಮೇಲೆ ಭಟ್ಟರು ದರ್ಭೆಯಲ್ಲೇ ಒಂದು ಕಾಗೆ ಮಾಡಿ, ಅದರಿಂದ ಮುಟ್ಟಿಸಿ, ಎಲ್ಲರನ್ನೂ ಎಬ್ಬಿಸಿದರು. ಅಂದಿನಿಂದ ಮುಕ್ತಾಬಾಯಿ ತಾಟಿನ ಮುಂದೆ ಕೂರುವುದು, "ನನ್ನ ಮಗ ಉಪವಾಸ ಹೋದ" ಎನ್ನುವುದು, ಎರಡು ತುತ್ತಿಗೇ ಎದ್ದುಬಿಡುವುದು. ಇತ್ತ ಸೋಲಾಪುರದ ಶಾಲೆಯೊಂದು ವೈಜೂಳನ್ನು ಟೀಚರ್ ಕೆಲಸಕ್ಕೆ ಕರೆದಿತ್ತು. ಕರೆದೊಯ್ಯಲು ನಾಳೆ ಅವಳ ಅಣ್ಣ ಬರುವವನಿದ್ದ. ಅನ್ನ ಬಿಟ್ಟು ಕೂತ ಅತ್ತೆಯ ಮುಂದೆ ಹೋಗುವ ಮಾತು ತೆಗೆಯುವುದಾದರೂ ಹೇಗೆ?

"ಅದರ ಮುಂದ ಆ ರೊಟ್ಟಿ ಇಡು," ಎಂದಳು ಮುಕ್ತಾಬಾಯಿ.

ವೈಜೂ ಮೌಸಿನ ಬಾಣವನ್ನು ಕಾಗೆಯ ಮೇಲೆ ಒಯ್ದಳು. ಆ ಆಟದಲ್ಲಿ ಹಾಗೆ ಮಾಡಿದರೆ ಯಾವುದು ಏತಕ್ಕೆ ಎಂಬುದು ಬರೆದು ಬರುತ್ತಿತ್ತು. "ಅದು ತಿನ್ನೂದಿಲ್ರಿ ಆಯಿ. ಕಾಗಿ ಬರೀ ಅಲಂಕಾರಕ್ಕ ಅಂತ ಬರದಾರ."

"ಹುಲ್ಲಿನ ಕಾಗಿ ಮುಟ್ಟಿದ್ದು ನಡೀತದಂದ್ರ, ಪೆಟಿಗ್ಯಾನ ಕಾಗಿ ಯಾಕ ನಡಿಯಂಗಿಲ್ಲ? ಇಡು."

ವೈಜೂ ರೊಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟಳು. ಕಾಗೆ ಅಲ್ಲಾಡಲಿಲ್ಲ. ಮುಕ್ತಾಬಾಯಿ ಕುರ್ಚಿ ಎಳೆದುಕೊಂಡು ಕೂತು, ಸೊಸೆಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. "ಬಂಡೂ, ವೈಜೂನ್ನ ನಾ ಎಲ್ಲೂ ಕಳಸೂದಿಲ್ಲಪ್ಪಾ. ಅಂಗೈಯಾಗ ಇಟ್ಕೊಂಡು ನೋಡ್ಕೋತೀನಿ."

ಕಾಗೆ ಮುಖ ಆಚೆ ತಿರುಗಿಸಿತು.

"ಹೊಲದಾಗ ನಿನ್ನ ಪಾಲು ಇವಳ ಹೆಸರಿಗಿ ಮಾಡಸ್ತೀನಿ."

ಕಾಗೆ ಇತ್ತ ನೋಡಲಿಲ್ಲ. ವೈಜೂಗೆ ಮೊದಲು ನಗು ಬಂದಿತ್ತು. ಈಗ ನೋಡಿದರೆ ಅಷ್ಟೊತ್ತು ಓಡಾಡುತ್ತಿದ್ದ ಗೊಂಬೆಗಳಲ್ಲಿ ಒಂದೂ ಇಲ್ಲ. ಆ ಊರಿನಲ್ಲಿ ಹಳದಿ ಸೀರೆಯದೊಂದು, ಕಾಗೆಯೊಂದು, ಅಷ್ಟೇ.

"ಇವಗ ಏನು ಬೇಕಂತ ನನಗ ಗೊತ್ತದ," ಎಂದಳು ಮುಕ್ತಾಬಾಯಿ. ದನಿ ಇಳಿದುಹೋಗಿತ್ತು. "ಅವತ್ತ ಮುಂಜಾನೆ ನೀ ನೀರಿಗಿ ಹೋಗಿದ್ದಿ. 'ಆಯಿ, ವೈಜೂನ್ನ ನೌಕರಿಗಿ ಕಳಸ್ತೀಯೋ ಇಲ್ಲೋ' ಅಂತ ಕೇಳಿದ. 'ನಾ ಸತ್ತ ಮ್ಯಾಲೆ ಕಳಸು' ಅಂದೆ. ತಾಟ ಸರಿಸಿ ಎದ್ದ. ಗಾಡಿ ತಗೊಂಡು ಕಮಲಾಪುರದ ಹಾದಿ ಹಿಡದ."

ಆ ಹಾದಿಯಲ್ಲೇ ಲಾರಿಗೆ ಸಿಕ್ಕು ಬಂಡು ಸತ್ತಿದ್ದ. ಅವನು ಉಣ್ಣದೆ ಹೋದದ್ದು ವೈಜೂಗೆ ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಅತ್ತೆಯನ್ನು ಬಯ್ಯಬೇಕೋ, ತಬ್ಬಿಕೊಂಡು ಅಳಬೇಕೋ ಅವಳಿಗೆ ತಿಳಿಯಲಿಲ್ಲ.

"ಕಳಸ್ತೀನಪ್ಪಾ," ಎಂದಳು ಮುಕ್ತಾಬಾಯಿ, ಪರದೆಯ ಕಡೆಗೆ ಬಾಗಿ. "ನಾ ಬದುಕಿದ್ದಾಗೇ ಕಳಸ್ತೀನಿ. ಉಣ್ಣು."

ಕಾಗೆ ಇತ್ತ ತಿರುಗಿತು. ಕುಪ್ಪಳಿಸುತ್ತ ಬಂದು ರೊಟ್ಟಿಯನ್ನು ಕುಕ್ಕಿತು, ಮತ್ತೆ ಕುಕ್ಕಿತು, ಒಂದು ಚೂರು ಎತ್ತಿಕೊಂಡು ಬಾವಿಯ ಮೇಲಿಂದ ಹಾರಿಹೋಯಿತು. ಮೌಸು ಮೇಜಿನ ಮೇಲೆ ತನ್ನ ಪಾಡಿಗೆ ತಾನು ಬಿದ್ದಿತ್ತು.

"ಉಂಡ," ಎಂದಳು ಮುಕ್ತಾಬಾಯಿ. ಆಮೇಲೆ ಎಷ್ಟೋ ದಿನಗಳಿಂದ ಆ ಮನೆಯಲ್ಲಿ ಕೇಳಿರದ ಮಾತು ಆಡಿದಳು: "ನನಗೂ ಹಸಿವಿ ಆಗ್ಯಾದ. ಏಳವ್ವಾ, ತಾಟ ಹಾಕು."

ವೈಜೂ ಏಳಲು ನೋಡಿದಳು. ಅತ್ತೆ ಅವಳ ಎರಡೂ ಕೈಗಳನ್ನು ಇನ್ನೂ ಬಿಟ್ಟಿರಲಿಲ್ಲ.